ಕಲಾವಿದೆಯೊಬ್ಬರು ಕೆರೆ ಅಂಗಳದಲ್ಲಿ ಜೊತೆಗೆ ಕೆಲಸ ಮಾಡೋಣ ಅಂತಿದಾರೆ, ಒಪ್ಕೊಳ್ಳೋ ಮುಂಚೆ ನಿಮ್ಮನ್ನ ಕೇಳೋಣ ಅಂತ

ಕೆಮ್ಮಣ್ಣು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದೀನಿ, ಪೂರ್ತಿ ಓದಿ ಹೇಳಿ. ನಾನು ಕೋಲಾರದ ಕಡೆಯವನು, ಮಣ್ಣು ಪರೀಕ್ಷೆ ಲ್ಯಾಬಲ್ಲಿ 11 ವರ್ಷದಿಂದ ಕೆಲಸ. ರೈತರು ಚೀಲದಲ್ಲಿ ಮಣ್ಣು ತರ್ತಾರೆ, ರಸಸಾರ (ಅಂದ್ರೆ pH, ಹುಳಿ ಎಷ್ಟು ಕ್ಷಾರ ಎಷ್ಟು ಅಂತ), ಸಾರಜನಕ ರಂಜಕ ಪೊಟ್ಯಾಷ್ ನೋಡಿ ಕಾರ್ಡ್ ಬರೆದು ಕೊಡ್ತೀವಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದ್ರೆ ಬೆಂಗಳೂರಿನ ಕೊಳಚೆ ನೀರನ್ನ ಸಂಸ್ಕರಿಸಿ ಬಿಡೋ ನೀರು, ನಮ್ಮ ಕೆರೆಗಳಿಗೆ ಬಂದಾಗಿಂದ, ಸಾರ್ ಈ ಮಣ್ಣಲ್ಲಿ ಲೋಹ ಏನಾದ್ರೂ ಸೇರಿದ್ಯಾ ನೋಡ್ತೀರಾ ಅಂತ ಕೇಳೋರೂ ಇದಾರೆ, ಆ ಟೆಸ್ಟ್ ದುಬಾರಿ, ಬೇರೆ ಕಡೆ ಕಳಿಸಬೇಕು.

ವಿಷಯ ಏನಂದ್ರೆ, ನಮ್ಮ ಪಕ್ಕದ ಊರಿನ ಹೆಣ್ಮಗಳು ಒಬ್ಬರು, ಬರೋಡದಲ್ಲಿ ಶಿಲ್ಪಕಲೆ ಓದಿ ವಾಪಸ್ ಬಂದಿದಾರೆ, ಹೋದ ತಿಂಗಳು ಲ್ಯಾಬಿಗೆ ಬಂದು ಕೂತ್ಕೊಂಡು ಎರಡು ಗಂಟೆ ಮಾತಾಡಿದ್ರು. ಅವರ ಊರ ಕೆರೆಗೆ ಒಂದು ಮೂಲೇಲಿ ಸಣ್ಣ ಸಣ್ಣ ವರ್ಕ್‌ಶಾಪ್‌ಗಳ ಕಡೆಯಿಂದ ಮೋರಿ ಬಂದು ಸೇರತ್ತೆ, ಆ ಮೂಲೇಲಿ ಲೋಹ ಹೀರೋ ಗಿಡಗಳನ್ನ ಒಂದು ಆಕಾರದಲ್ಲಿ ನೆಟ್ಟು ಅದನ್ನೇ ಕಲಾಕೃತಿ ಅಂತ ಮಾಡೋಣ, ಅಳತೆ ಎಲ್ಲಾ ನೀವು ನೋಡ್ಕೊಳ್ಳಿ ಅಂತಾರೆ. ಅಮೆರಿಕದಲ್ಲಿ ಮೆಲ್ ಚಿನ್ ಅನ್ನೋ ಕಲಾವಿದ ರಿವೈವಲ್ ಫೀಲ್ಡ್ ಅಂತ ಇದೇ ಥರ ಮಾಡಿದಾರೆ ಅಂದ್ರು. ಫೋಟೋ ತೋರಿಸಿದ್ರು, ನನಗೆ ಅರ್ಥ ಆಗಿದ್ದು ಕಡಿಮೆ.

ನನ್ನ ಹಿಂಜರಿಕೆಗೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಒಂದು ಪ್ರದರ್ಶನದವರು ಬಂದು ನಮ್ಮ ಹತ್ರ ಡೇಟಾ ತಗೊಂಡು ಹೋದ್ರು, ಯಾರು ಅಂತ ಬೇಡ. ಹೋಗಿ ನೋಡಿದ್ರೆ ನನ್ನ ಅಂಕಿಗಳು ಗೋಡೆ ತುಂಬ ದೊಡ್ಡ ದೊಡ್ಡ ಅಕ್ಷರದಲ್ಲಿ, ಕೆಜಿಗೆ ಇಷ್ಟು ಮಿಲಿಗ್ರಾಂ ಅಂತ ಇದ್ದದ್ದೆಲ್ಲ ಶೇಕಡಾ ಆಗಿತ್ತು! 40 ಮಿಲಿಗ್ರಾಂ ಸತು ಹೋಗಿ ಶೇಕಡಾ 40 ಸತು. ಫೋನ್ ಮಾಡಿ ಹೇಳಿದ್ರೆ, ಸರ್ ಅದು ಭಾವನೆಗೋಸ್ಕರ ಇರೋದು ಅಂದ್ರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ, ಯಾಕಂದ್ರೆ ಆ ಮಣ್ಣು ಕೊಟ್ಟ ರೈತರ ಊರಿನ ಹೆಸರೂ ಅದರ ಕೆಳಗೇ ಇತ್ತು.

ಈ ಹೆಣ್ಮಗಳು ಹಾಗಲ್ಲ, ಪ್ರಾಮಾಣಿಕವಾಗಿ ಕೇಳ್ತಿದಾರೆ ಅನ್ಸತ್ತೆ. ಅದಕ್ಕೇ ಕೇಳ್ತಿದೀನಿ, ಆ ಅಮೆರಿಕದ ಕೆಲಸದಲ್ಲಿ ವಿಜ್ಞಾನಿ ಅನ್ನೋರು ನಿಜವಾಗ್ಲೂ ಏನು ಮಾಡಿದ್ರು, ಬರೀ ಸಹಿ ಹಾಕಿದ್ರಾ, ಅವರಿಗೆ ಅದರಿಂದ ಏನಾದ್ರೂ ಉತ್ತರ ಸಿಕ್ತಾ? ನಾನು ಹೂಂ ಅನ್ನೋದಾದ್ರೆ ಮೊದಲೇ ಯಾವ ಮಾತು ಆಡ್ಕೊಂಡಿರಬೇಕು?


ಉಳಿಸುತ್ತಿಗಿ

ನಮಸ್ಕಾರ್ರಿ ಸರ. ನಾ ಬಾಗಲಕೋಟಿ ಕಡೆಯಾಂವ, ಕಲ್ಲಿನ ಕೆಲಸ ಮಾಡ್ತೀನಿ. ಶೇಕಡಾ ಕತಿ ಓದಿ ಭಾಳ ಬ್ಯಾಸರಾತು, ನಮ್ಮ ಮಂದಿ ಹಂಗ ಮಾಡಬಾರದಿತ್ತು.

ಮೆಲ್ ಚಿನ್ನರ ಕೆಲಸಾನ ನಾ ಕಾಲೇಜಿನಾಗ ಇದ್ದಾಗ ನಮ್ಮ ಮಾಸ್ತರು ಸ್ಲೈಡ್ ಹಾಕಿ ತೋರಿಸಿದ್ರು. ಒಂದು ಕಸದ ಬಯಲು, ಸುತ್ತ ಕಂಬಿ ಬೇಲಿ, ಒಳಗ ಮೊಣಕಾಲಿಗೂ ಬರದಂಥ ಗಿಡ, ಅಷ್ಟ. ನಾವು ಹುಡುಗ್ರೆಲ್ಲಾ ಇದರಾಗ ಕಲಾ ಎಲ್ಲೈತ್ರಿ ಅಂತ ಕೇಳಿದ್ವಿ. ಅವರು ತಿರುಗಿ ನಮಗ ಕೇಳಿದ್ರು, ಮೂರ್ತಿ ಕೆತ್ತೂದು ಅಂದ್ರ ಏನು, ಕಲ್ಲಿನಾಗ ಬ್ಯಾಡಾದ್ದನ್ನ ತಗದ ಹಾಕೂದು ಹೌದಲ್ಲೋ ಅಂತ. ಚಿನ್ ಹೇಳೂದೂ ಅದನ್ನ. ಇದು ಕೆತ್ತನಿ ಕೆಲಸಾನ, ಆದ್ರ ಕೆತ್ತೋ ವಸ್ತು ಕಣ್ಣಿಗೆ ಕಾಣಂಗಿಲ್ಲ, ಕೈಯಾಗಿನ ಹತಾರ ಅಂದ್ರ ಜೀವರಸಾಯನ ಮತ್ತ ಒಕ್ಕಲುತನ. ಮಣ್ಣಾಗಿನ ಕ್ಯಾಡ್ಮಿಯಂ ಸತು ಅನ್ನೂ ಭಾರಲೋಹ ತಗದ ಮ್ಯಾಲ ಉಳಿಯೂ ಚಲೋ ಮಣ್ಣ ಅದರ ಮೂರ್ತಿ. ನಾ ಇವತ್ತಿಗೂ ಕಲ್ಲಿನ ಮುಂದ ಕುಂತಾಗ ಈ ಮಾತು ನೆನಪಾಗತೈತಿ.

ಅವರಿಗೆ ಮೊದಲು ತಲ್ಯಾಗ ಬಂದಿದ್ದು ದತ್ತೂರಿ ಗಿಡಾ, ನಮ್ಮ ಕಡೆ ಮದ್ದುಗುಣಕಿ ಅಂತೀವಲ್ಲ ಅದು, ಭಾರಲೋಹ ಹೀರತೈತಿ ಅಂತ ಎಲ್ಲೋ ಓದಿದ್ರಂತ. ಆದ್ರ ಅವರು ಅಷ್ಟಕ್ಕ ಗಿಡಾ ಹಚ್ಚಿ ಫೋಟೋ ತಗೀಲಿಲ್ಲ ನೋಡ್ರಿ, ಇದು ಖರೇ ಐತೇನು ಅಂತ ಹೇಳಾವ್ರನ್ನ ಹುಡುಕ್ಕೋಂತ ಹೋದ್ರು. ಹಂಗ ಸಿಕ್ಕಾವ್ರು ರೂಫಸ್ ಚೇನಿ, ಅಮೆರಿಕದ ಕೃಷಿ ಇಲಾಖೆ ವಿಜ್ಞಾನಿ, ಮೇರಿಲ್ಯಾಂಡಿನ ಬೆಲ್ಟ್ಸ್‌ವಿಲ್‌ನಾಗ ಇದ್ದಾವ್ರು. ಚೇನಿ ಇದೇ ವಿಚಾರ 1983ರಾಗ ಬರದ ಇಟ್ಟಿದ್ರು, ಆದ್ರ ಬಯಲಿನಾಗ ಮಾಡಿ ನೋಡಾಕ ಜಾಗಾನೂ ಸಿಕ್ಕಿರಲಿಲ್ಲ ಬೆಂಬಲಾನೂ ಸಿಕ್ಕಿರಲಿಲ್ಲ. ಕಲಾವಿದ ಬಂದ ಮ್ಯಾಲ ಜಾಗಾ ಸಿಕ್ತು.

ರೊಕ್ಕದ ಕತಿ ಬ್ಯಾರೆ ಐತಿ. ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಅಂತ ಅವರ ಸರ್ಕಾರಿ ಕಲಾ ಸಂಸ್ಥಾ, ಅದಕ್ಕ 10,000 ಡಾಲರ್ ಕೇಳಿ ಅರ್ಜಿ ಹಾಕಿದ್ರು. ಸಮಿತಿಯವರು ಒಪ್ಪಿದ್ರು, 1990ರಾಗ ಅಧ್ಯಕ್ಷ ಜಾನ್ ಫ್ರಾನ್‌ಮೇಯರ್ ತಡದ್ರು, ಇದು ಕಲಾ ಅನ್ನಿಸಂಗಿಲ್ಲ ಅಂತ. ಚಿನ್ ಸೀದಾ ಹೋಗಿ ಎದುರಿಗೆ ಕುಂತು ಮಾತಾಡಿದ್ರು, ಆಮ್ಯಾಲ ರೊಕ್ಕ ವಾಪಸ್ ಮಂಜೂರಾತು. ವಿಜ್ಞಾನದವರು ಇದು ಕಲಾ ಅಂತಾರ, ಕಲಾದವರು ಇದು ವಿಜ್ಞಾನ ಅಂತಾರ, ನಡುವ ನಿಂತಾವ್ರು ಇಬ್ಬರಿಗೂ ತಿಳಿಸಿ ಹೇಳಬೇಕು. ನಿಮಗೂ ಇದು ಬರತೈತಿ ಸರ, ತಯಾರಿರ್ರಿ.


ತುಂಗಾತೀರ

ನಾನು ಶಿವಮೊಗ್ಗದವಳು, 9 ವರ್ಷದಿಂದ ಮಿನೆಸೋಟದ ಸೇಂಟ್ ಪಾಲ್‌ನಲ್ಲಿದೀನಿ, ಬೆಳೆಗಳ ಪೋಷಕಾಂಶದ ಮೇಲೆ ಕೆಲಸ ಮಾಡ್ತೀನಿ. ರಿವೈವಲ್ ಫೀಲ್ಡ್ ಇದ್ದದ್ದು ಇದೇ ಊರಲ್ಲಿ. ಪಿಗ್ಸ್ ಐ ಅಂತ ಮಿಸಿಸಿಪ್ಪಿ ನದಿ ಪಕ್ಕದ ಹಳೇ ಕಸದ ಜಾಗ, ಅಂದ್ರೆ ಹಂದಿಗಣ್ಣು, ಹಿಂದೆ ಇಲ್ಲಿ ಹೆಂಡದಂಗಡಿ ಇಟ್ಟಿದ್ದವನ ಅಡ್ಡಹೆಸರು ಅದು, ಸೇಂಟ್ ಪಾಲ್ ಊರಿಗೇ ಮೊದಲು ಅದೇ ಹೆಸರಿತ್ತು. ಊರಿನ ಚರಂಡಿ ಕೆಸರು ಸುಟ್ಟ ಬೂದಿಯನ್ನೂ ಅಲ್ಲೇ ಸುರೀತಿದ್ರು, ಕ್ಯಾಡ್ಮಿಯಂ ಬಂದದ್ದು ಅದರಿಂದ. ಈಗ ಹೋದ್ರೆ ಕಲಾಕೃತಿ ಅಂತ ಏನೂ ಕಾಣಲ್ಲ, 1991ರಿಂದ 93ರವರೆಗೆ ಮೂರು ಬೇಸಿಗೆ ಇತ್ತು ಅಷ್ಟೇ. ಹತ್ತಿರದಲ್ಲೇ ಬಕಪಕ್ಷಿಗಳು ಗೂಡು ಕಟ್ಟೋ ರಕ್ಷಿತ ಜಾಗ ಇದೆ, ನಾನು ಹೋಗೋದು ಅದಕ್ಕೆ.

ನೀವು ಕೇಳಿದ ಪ್ರಶ್ನೆಗೆ ಬರ್ತೀನಿ. ವಿಜ್ಞಾನಿ ಬರೀ ಸಹಿ ಹಾಕಿದ್ದಲ್ಲ. ಜಾಗ 60 ಅಡಿಗೆ 60 ಅಡಿ ಚೌಕ, ಅದರೊಳಗೆ ಒಂದು ವೃತ್ತ, ವೃತ್ತದ ಮಧ್ಯ ಒಂದನ್ನೊಂದು ಕತ್ತರಿಸೋ ಎರಡು ಕಾಲುದಾರಿ. ಮೇಲಿಂದ ನೋಡಿದ್ರೆ ಗುರಿ ಇಡೋ ದುರ್ಬೀನಿನ ಗೆರೆ ಥರ ಕಾಣತ್ತೆ. ಆ ಆಕಾರ ಕಲಾವಿದನದ್ದು. ಆದ್ರೆ ವೃತ್ತದ ಒಳಗೆ 96 ತಾಕುಗಳು, ಬೇರೆ ಬೇರೆ ಗಿಡ, ಮಣ್ಣಿನ ರಸಸಾರ ಬದಲಾಯಿಸಿ, ಗೊಬ್ಬರ ಬದಲಾಯಿಸಿ, ಅದು ಚೇನಿ ಅವರದ್ದು. ವೃತ್ತಕ್ಕೂ ಚೌಕಕ್ಕೂ ಮಧ್ಯ ಉಳಿಯೋ ನಾಲ್ಕು ಮೂಲೆಗಳಲ್ಲಿ ಏನೂ ನೆಡಲಿಲ್ಲ, ಹೋಲಿಸಿ ನೋಡೋಕೆ. ನಾನು ಮೊದಲ ಸಲ ಆ ನಕ್ಷೆ ನೋಡಿದಾಗ ತುಂಬಾ ಹೊತ್ತು ನೋಡ್ತಾನೇ ಕೂತೆ, ಯಾಕಂದ್ರೆ ಖಾಲಿ ಬಿಟ್ಟ ಮೂಲೆ ಇಲ್ಲದಿದ್ರೆ ಆ ಆಕಾರವೂ ಇಲ್ಲ ಪ್ರಯೋಗವೂ ಇಲ್ಲ. ಇಬ್ಬರೂ ಒಂದೇ ಕಾಗದದ ಮೇಲೆ ಗೆರೆ ಎಳೆದಿದಾರೆ.

ಮೆಕ್ಕೆಜೋಳ, ರೊಮೇನ್ ಲೆಟ್ಯೂಸ್, ಒಂದು ಥರದ ಹುಲ್ಲು, ಹೀಗೆ ಕೆಲವು ಗಿಡ ಹಾಕಿದ್ರು. ಚೆನ್ನಾಗಿ ಹೀರಿದ್ದು ಥ್ಲಾಸ್ಪಿ ಅನ್ನೋ ಪುಟ್ಟ ಗಿಡ, ನಮ್ಮ ಸಾಸಿವೆ ಕುಟುಂಬದ್ದು, ಯುರೋಪಿನ ಹಳೇ ಸತುವಿನ ಗಣಿಗಳ ಹತ್ರ ತಾನಾಗೇ ಬೆಳೆಯತ್ತೆ. ಬೇರೆ ಗಿಡಕ್ಕೆ ವಿಷ ಆಗೋಷ್ಟು ಸತು ಕ್ಯಾಡ್ಮಿಯಂನ ಇದು ಎಲೆಯೊಳಗೆ ಕೂಡಿಟ್ಕೊಂಡು ಆರಾಮಾಗಿರತ್ತೆ. ಒಣಗಿದ ಎಲೆಯಲ್ಲಿ ಕೆಜಿಗೆ 100 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಡ್ಮಿಯಂ ಇದ್ರೆ ಅಂಥ ಗಿಡವನ್ನ ಅತಿಸಂಗ್ರಾಹಕ ಅಂತ ಲೆಕ್ಕ. ಅಮೆರಿಕದಲ್ಲಿ ಬಯಲಲ್ಲಿ ಮಾಡಿದ ಇಂಥ ಪ್ರಯೋಗಗಳಲ್ಲಿ ಇದು ಮೊದಮೊದಲಿನದು. ಸೋತಿದ್ರೂ ಆ 96 ತಾಕಿನ ಲೆಕ್ಕ ಉಪಯೋಗಕ್ಕೆ ಬರ್ತಿತ್ತು. ನೀವು ಒಪ್ಕೊಳ್ಳೋ ಮುಂಚೆ ಇದನ್ನ ಕೇಳ್ಕೊಳ್ಳಿ, ಗಿಡ ಏನೂ ಹೀರಲಿಲ್ಲ ಅಂತ ಫಲಿತಾಂಶ ಬಂದ್ರೆ ಆ ಕಲಾವಿದೆ ಅದನ್ನ ಹಾಗೇ ತೋರಿಸ್ತಾರಾ ಅಂತ. ತೋರಿಸ್ತೀನಿ ಅಂದ್ರೆ ಧೈರ್ಯವಾಗಿ ಹೋಗಿ.


ಕೆಮ್ಮಣ್ಣು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಖಾಲಿ ಮೂಲೆ ವಿಷಯ ಓದಿ ನನಗೆ ಎದ್ದು ಕೂತ್ಕೊಳ್ಳೋ ಹಾಗಾಯ್ತು, ಅವರು ತೋರಿಸಿದ ಫೋಟೋದಲ್ಲಿ ಅದು ನನಗೆ ಕಂಡೇ ಇರಲಿಲ್ಲ.

ರಾತ್ರಿ ಕೂತು ಒಂದು ಲೆಕ್ಕ ಹಾಕಿದೆ, ತಪ್ಪಿದ್ರೆ ಮೇಡಂ ತಿದ್ದಿ. ಒಂದು ಹೆಕ್ಟೇರಿನ ಮೇಲಿನ 20 ಸೆಂಟಿಮೀಟರ್ ಮಣ್ಣು ಸುಮಾರು 2,600 ಟನ್. ಅದರಲ್ಲಿ ಕೆಜಿಗೆ 2 ಮಿಲಿಗ್ರಾಂ ಕ್ಯಾಡ್ಮಿಯಂ ತೆಗೀಬೇಕು ಅಂದ್ರೆ ಒಟ್ಟು 5.2 ಕೆಜಿ ತೆಗೀಬೇಕು. ಗಿಡ ಹೆಕ್ಟೇರಿಗೆ 4 ಟನ್ ಒಣ ಸೊಪ್ಪು ಕೊಟ್ಟು ಅದರಲ್ಲಿ ಕೆಜಿಗೆ 100 ಮಿಲಿಗ್ರಾಂ ಇದ್ರೆ ಒಂದು ಕೊಯ್ಲಿಗೆ ಹೋಗೋದು 0.4 ಕೆಜಿ. ಅಂದ್ರೆ 13 ಕೊಯ್ಲು. ಮೋರಿ ಅಷ್ಟರಲ್ಲಿ ಇನ್ನೂ ತಂದು ಹಾಕ್ತಾನೇ ಇರತ್ತೆ. ಇದನ್ನ ಕಲಾವಿದೆಗೆ ಹೇಗೆ ಹೇಳೋದು ಅಂತ ಯೋಚನೆ, ಅವರು ಎರಡು ವರ್ಷದಲ್ಲಿ ಆ ಮೂಲೆ ಕ್ಲೀನ್ ಆಗತ್ತೆ ಅಂದ್ಕೊಂಡಿದಾರೆ.


ಬಯಲುಸೀಮೆ ರೈತ

ಕೆಮ್ಮಣ್ಣು ಅವರೇ ನಿಮ್ಮ ಲೆಕ್ಕ ಸರಿ ಇದೆ ಅನ್ಸತ್ತೆ, ಅದಕ್ಕೇ ನಾನು ಕೇಳೋದು, 13 ಕೊಯ್ಲು ಬೇಕಾಗೋ ಕೆಲಸಕ್ಕೆ ಕಲೆ ಯಾಕೆ, ಮೋರಿ ನಿಲ್ಲಿಸಿ ಅಂತ ಅರ್ಜಿ ಕೊಟ್ಟು ಬೆನ್ನು ಹತ್ತೋದು ಸರಿ ಅಲ್ವಾ. ನಾನು ಕಲೆಗೆ ವಿರೋಧಿ ಅಲ್ಲ, ನಮ್ಮೂರಲ್ಲಿ ಪ್ರತಿವರ್ಷ ನಾಟಕ ಆಡ್ತೀವಿ, ನಾನೂ ವೇಷ ಕಟ್ತೀನಿ. ಆದ್ರೆ ಗ್ರೀನ್‌ಲ್ಯಾಂಡಿಂದ ಐಸ್‌ಗಡ್ಡೆ ಹಡಗಲ್ಲಿ ಹೊತ್ತು ತಂದು ಲಂಡನ್ ಬೀದೀಲಿ ಇಟ್ಟು ಕರಗಿಸಿದ್ರಂತಲ್ಲ, ಅಂಥದ್ದು ಓದಿದಾಗ ಹೊಟ್ಟೆ ಉರಿಯತ್ತೆ. ಅದಕ್ಕೂ ವಿಜ್ಞಾನಿ ಒಬ್ಬರು ಜೊತೆಗಿದ್ರಂತೆ. ಅದರಿಂದ ಯಾರ ಹೊಲಕ್ಕೆ ಏನು ಬಂತು?


ಮಲ್ಪೆ ಟು ಥೇಮ್ಸ್

ಬಯಲುಸೀಮೆಯವರೇ, ಆ ಐಸ್ ನಾನು ಮುಟ್ಟಿದೀನಿ, ಅದಕ್ಕೇ ಉತ್ತರ ಬರೀತಿದೀನಿ. 2018 ಡಿಸೆಂಬರ್, ಲಂಡನ್ನಿನ ಟೇಟ್ ಮಾಡರ್ನ್ ಕಲಾ ಮ್ಯೂಸಿಯಂ ಎದುರಿಗೆ 24 ಗಡ್ಡೆ, ಊರೊಳಗೆ ಇನ್ನೊಂದು ಕಡೆ 6. ಐಸ್ ವಾಚ್ ಅಂತ ಹೆಸರು. ಕಲಾವಿದ ಓಲಾಫುರ್ ಎಲಿಯಾಸನ್, ಭೂವಿಜ್ಞಾನಿ ಮಿನಿಕ್ ರೋಸಿಂಗ್, ಇವರು ಗ್ರೀನ್‌ಲ್ಯಾಂಡಿನವರೇ. ಅದಕ್ಕೂ ಮುಂಚೆ 2014ರಲ್ಲಿ ಕೋಪನ್‌ಹೇಗನ್, 2015ರಲ್ಲಿ ಪ್ಯಾರಿಸ್‌ನಲ್ಲಿ ಹವಾಮಾನ ಸಮ್ಮೇಳನ ನಡೆಯೋವಾಗ 12 ಗಡ್ಡೆ ಗಡಿಯಾರದ ಥರ ಇಟ್ಟಿದ್ರು. ಗುಡ್ಡದಿಂದ ಕಡಿದು ತಂದಿದ್ದಲ್ಲ, ನೂಕ್ ಊರಿನ ಹತ್ರ ಸಮುದ್ರದಲ್ಲಿ ಆಗಲೇ ಮುರಿದು ಬಿದ್ದು ತೇಲ್ತಿದ್ದ ಚೂರುಗಳು.

ನಾನು ಆಫೀಸಿಂದ ಬರ್ತಾ ನಿಂತೆ, ಚಳಿ, ಕತ್ತಲಾಗ್ತಿತ್ತು. ಒಂದು ಪುಟ್ಟ ಮಗು ಗಡ್ಡೆಗೆ ಕಿವಿ ಇಟ್ಕೊಂಡು ನಿಂತಿತ್ತು, ನಾನೂ ಇಟ್ಟೆ. ಒಳಗಿಂದ ಚಟ್ ಚಟ್ ಅಂತ ಶಬ್ದ, ಬಾಣಲೇಲಿ ಸಾಸಿವೆ ಸಿಡಿಯೋ ಹಾಗೆ ಆದ್ರೆ ತುಂಬಾ ಮೆಲ್ಲಗೆ. ಸಾವಿರಾರು ವರ್ಷದ ಹಿಂದೆ ಹಿಮದ ಜೊತೆ ಸಿಕ್ಕಿಹಾಕ್ಕೊಂಡ ಗಾಳಿ ಗುಳ್ಳೆ ಒಡೆದು ಹೊರಗೆ ಬರೋ ಶಬ್ದ ಅದು. ನಾನು ಮೀನುಗಾರರ ಮನೆಯವಳು, ಐಸ್ ಅಂದ್ರೆ ನನಗೆ ಮಲ್ಪೆ ಬಂದರಲ್ಲಿ ಪುಡಿ ಮಾಡಿ ಬುಟ್ಟಿಗೆ ಹಾಕೋ ಐಸ್, ಅವತ್ತು ಮಾತ್ರ ಮನೇಲಿ ಯಾರೋ ಹಿರಿಯರನ್ನ ಮುಟ್ಟಿದ ಹಾಗಾಗಿ ಕಣ್ಣಲ್ಲಿ ನೀರು ಬಂತು.

ಖರ್ಚಿನ ಮಾತು ಸರಿ, ಅವರೂ ಮುಚ್ಚಿಟ್ಟಿಲ್ಲ. ಪ್ಯಾರಿಸ್‌ಗೆ 30 ಟನ್, ಲಂಡನ್‌ಗೆ 55 ಟನ್ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ಬಂತು ಅಂತ ಎಣಿಸಿ ಪ್ರಕಟ ಮಾಡಿದ್ರು. ಆದ್ರೆ ನಿಮ್ಮ ಪ್ರಶ್ನೆಲಿ ಒಂದು ಸತ್ಯ ಇದೆ, ಅಲ್ಲಿ ರೋಸಿಂಗ್ ಅವರಿಗೆ ಹೊಸ ಉತ್ತರ ಬೇಕಾಗಿರಲಿಲ್ಲ, ಗೊತ್ತಿದ್ದದ್ದನ್ನ ಜನರ ಕೈಗೆ ತಂದು ಕೊಟ್ರು. ಚೇನಿ ಅವರಿಗೆ ಉತ್ತರವೇ ಬೇಕಾಗಿತ್ತು. ಕೆಮ್ಮಣ್ಣು ಅವರಿಗೆ ಯಾವುದು ಬೇಕು ಅಂತ ಮೊದಲು ಅವರೇ ನೋಡ್ಕೋಬೇಕು.

ಇನ್ನು ಜನರ ಮೇಲೆ ಪರಿಣಾಮ ಆಗತ್ತಾ ಅನ್ನೋದನ್ನೂ ಅಳೆದು ನೋಡಿದೋರಿದಾರೆ. ಅದೇ 2015ರ ಪ್ಯಾರಿಸ್‌ನಲ್ಲಿ ಲಾರಾ ಸೊಮರ್ ಮತ್ತೆ ಕ್ರಿಶ್ಚಿಯನ್ ಕ್ಲೋಕ್ನರ್ ಅನ್ನೋ ನಾರ್ವೆ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು 37 ಕಲಾಕೃತಿಗಳನ್ನ ನೋಡಿದ 874 ಜನರನ್ನ ಕೇಳಿದ್ರು. ಹೆದರಿಸೋವು, ಬರೀ ಸಮಾಧಾನ ಹೇಳೋವು ಇವುಕ್ಕಿಂತ, ಪ್ರಕೃತಿಯ ಬೆರಗನ್ನೂ ಇಟ್ಕೊಂಡು ಒಂದು ಪರಿಹಾರವನ್ನೂ ಕಣ್ಣೆದುರು ಇಟ್ಟ ಕೆಲಸಗಳು ಜನರನ್ನ ಹೆಚ್ಚು ತಟ್ಟಿದ್ವು. ಆದ್ರೆ 37ರಲ್ಲಿ ಅಂಥವು ಕೆಲವೇ ಇದ್ವು.


ಚಿಂತಾಮಣಿ ಅಕ್ಕ

ನಾನು ಇಲ್ಲಿ ಬರೆಯೋದು ಕಡಿಮೆ, ಓದ್ತೀನಿ. ನನಗೆ ಕ್ಯಾಡ್ಮಿಯಂ ಗೊತ್ತಿಲ್ಲ ಆದ್ರೆ ಸೊಪ್ಪು ಗೊತ್ತು. ಕೆಮ್ಮಣ್ಣು ಅವರೇ, ನೀವೂ ನಮ್ಮ ಕಡೆಯವರೇ ತಾನೇ, ಮಳೆ ಬಿದ್ದ ಮೇಲೆ ಹೆಂಗಸರು ಮಡಿಲು ಕಟ್ಕೊಂಡು ಬದು ಮೇಲೆ ಕೆರೆ ಅಂಗಳದಲ್ಲಿ ಬೆರಕೆ ಸೊಪ್ಪು ಕೀಳೋಕೆ ಹೋಗೋದು ನೋಡಿಲ್ವಾ? ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ನೀರಿನಂಚಲ್ಲಿ ಹೊನಗೊನೆ, ಒಂದೆಲಗ, ಇನ್ನೂ ಎಷ್ಟೋ, ಒಂದೊಂದು ಮುಷ್ಟಿ ಕಿತ್ತು ಎಲ್ಲಾ ಸೇರಿಸಿ ಮಸೆದು ಮುದ್ದೆಗೆ ಮಾಡ್ತೀವಿ. ನಮ್ಮಜ್ಜಿ 20 ಥರ ಗುರುತು ಹಿಡೀತಿದ್ರು, ನಾನು 12.

ನೀವು ಸಾಸಿವೆ ಥರದ ಗಿಡ ಕೆರೆ ಮೂಲೇಲಿ ಹಾಕಿದ್ರೆ ನಾವು ಕೀಳ್ತೀವಿ. ಬೋರ್ಡ್ ಹಾಕಿದ್ರೂ ಕೀಳ್ತೀವಿ, ಓದೋಕೆ ಬರದವರು ಇದಾರೆ, ಓದಿದವರೂ ಎಳೇ ಸೊಪ್ಪು ಕಂಡ್ರೆ ಬಿಡಲ್ಲ. ಕುರಿ ಮೇಕೆ ಅಂತೂ ಹೇಳೋದೇ ಬೇಡ. ವಿಷ ಹೀರಿದ ಗಿಡ ಅಂತೀರಾ, ಕೊಯ್ದು ಎಲ್ಲಿ ಹಾಕ್ತೀರಾ? ತಿಪ್ಪೆಗಾ? ಆ ಹುಡುಗಿ ಊರಿನವಳೇ ಅಂದ್ರಿ, ಅವಳಿಗೆ ಇದು ಹೊಳೆದಿಲ್ವಾ, ಅವರಮ್ಮನ್ನ ಕೇಳಿದ್ರೆ ಹೇಳ್ತಿದ್ರು.


ಉಳಿಸುತ್ತಿಗಿ

ಅಕ್ಕಾರ, ನೀವು ಹೇಳಿದ್ದು ಓದಿ ಮೈ ಜುಂ ಅಂತು. ಒಂದು ಮಾತು ಸೇರಸ್ತೀನಿ. ರಿವೈವಲ್ ಫೀಲ್ಡಿನಾಗ ಏನೇನು ಸಾಮಾನು ಬಳಸ್ಯಾರ ಅಂತ ಪಟ್ಟಿ ಕೊಡೂ ಕಡೆ ಗಿಡದ ಜೋಡಿ ಕಾರ್ಖಾನಿ ಬೇಲಿ ಅಂತಾನೂ ಬರದಾರ. ಅಂದ್ರ ಬೇಲಿನೂ ಕಲಾಕೃತಿ ಒಳಗ ಬಂತು. ನಾ ಅದನ್ನ ಬರೇ ಆಕಾರಕ್ಕ ಅಂತ ತಿಳಕೊಂಡಿದ್ದೆ ಇಷ್ಟ ವರ್ಷ. ಈಗ ತಿಳೀತು, ಅದು ಯಾರೂ ಒಳಗ ಬಂದು ತಿನ್ನಬಾರದು ಅನ್ನೂದಕ್ಕೂ ಐತಿ. ಆದ್ರ ಅಮೆರಿಕದ ಕಸದ ಬಯಲಿಗೆ ಬೇಲಿ ಹಾಕಬಹುದು, ನಮ್ಮ ಕೆರಿಗೆ ಹಾಕಾಕ ಬರೂದಿಲ್ಲ. ದನ ನೀರು ಕುಡೀತಾವ, ಮಂದಿ ಅರಬಿ ಒಗೀತಾರ, ಬೇಲಿ ಹಾಕಿದ್ರ ಊರಿನ ಮಂದಿ ಸಿಟ್ಟಾಗ್ತಾರ, ಆಗಲಿಕ್ಕೂ ಬೇಕು.


ತುಂಗಾತೀರ

ಚಿಂತಾಮಣಿ ಅಕ್ಕ, ಈ ಚರ್ಚೆಗೆ ಬೇಕಾಗಿದ್ದ ಮಾತು ನಿಮ್ಮಿಂದ ಬಂತು, ನನಗೂ ಹೊಳೆದಿರಲಿಲ್ಲ, ಎಲೆಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಬರೆದವಳು ನಾನೇ.

ಇನ್ನೊಂದು ವಿಷಯ ಹೇಳಲೇಬೇಕು, ಗಾಬರಿ ಆಗಬೇಡಿ. ನೀವು ಹೆಸರು ಹೇಳಿದ ಅಣ್ಣೆ ಸೊಪ್ಪು, ಸಸ್ಯಶಾಸ್ತ್ರದಲ್ಲಿ ಸೆಲೋಸಿಯಾ ಅರ್ಜೆಂಟಿಯಾ, ಅದು ಕ್ಯಾಡ್ಮಿಯಂ ಮತ್ತೆ ಮ್ಯಾಂಗನೀಸ್ ಚೆನ್ನಾಗಿ ಹೀರೋ ಗಿಡ ಅಂತ ಚೀನಾದ ಸಂಶೋಧಕರು ತೋರಿಸಿದಾರೆ. ಅಂದ್ರೆ ನಿಮ್ಮ ಸಾರಲ್ಲಿ ಕ್ಯಾಡ್ಮಿಯಂ ಇದೆ ಅಂತ ಖಂಡಿತ ಅಲ್ಲ, ಮಣ್ಣಲ್ಲಿ ಇದ್ರೆ ತಾನೇ ಗಿಡಕ್ಕೆ ಬರೋದು, ಬದು ಮೇಲಿನ ಒಳ್ಳೆ ಮಣ್ಣಲ್ಲಿ ಬೆಳೆದದ್ದಕ್ಕೆ ಏನೂ ಇಲ್ಲ. ಆದ್ರೆ ಆ ಮೋರಿ ಮೂಲೇಲಿ ಬೆಳೆದದ್ದನ್ನ ನೋಡಬೇಕು. ಹಾಗಾಗಿ ಕೆಮ್ಮಣ್ಣು ಅವರೇ, ಹೊಸ ಗಿಡ ತಂದು ನೆಡೋದು ಆಮೇಲಿರಲಿ, ಗಿಡ ಆಗಲೇ ಅಲ್ಲಿದೆ, ಹೆಂಗಸರು ಆಗಲೇ ಕೊಯ್ತಿದಾರೆ. ನಿಮ್ಮ ಪ್ರಯೋಗ ಅಲ್ಲಿಂದಲೇ ಶುರು ಆಗಬಹುದಲ್ವಾ?

ಕಲಾವಿದೆಗೆ ಏನು ಕೆಲಸ ಅಂತ ಯೋಚನೆ ಆದ್ರೆ ಒಂದು ಜಾಗದ ಬಗ್ಗೆ ಹೇಳ್ತೀನಿ. ಪೆನ್ಸಿಲ್ವೇನಿಯಾದ ವಿಂಟನ್‌ಡೇಲ್ ಅನ್ನೋ ಕಲ್ಲಿದ್ದಲು ಊರು, ಮುಚ್ಚಿದ ಗಣಿಯಿಂದ ಆಮ್ಲದ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿ ಹರೀತಿತ್ತು. ಇತಿಹಾಸಕಾರ ಟಿ. ಅಲನ್ ಕಾಂಪ್ 1994ರಲ್ಲಿ ಶುರು ಮಾಡಿದ್ದು, ಒಬ್ಬ ಜಲಭೂವಿಜ್ಞಾನಿ, ಶಿಲ್ಪಿ ಸ್ಟೇಸಿ ಲೆವಿ, ಭೂದೃಶ್ಯ ವಿನ್ಯಾಸಕಿ ಜೂಲಿ ಬಾರ್ಗ್‌ಮನ್, ನಾಲ್ಕೂ ಜನ ಒಟ್ಟಿಗೆ. ನೀರನ್ನ ಹೊಂಡದಿಂದ ಹೊಂಡಕ್ಕೆ ಇಳಿಸಿ, ಸುಣ್ಣಕಲ್ಲು ಜೌಗುಗಳ ಮೂಲಕ ಹಾಯಿಸಿ ಆಮ್ಲ ಕಡಿಮೆ ಮಾಡ್ತಾರೆ. ಆ ಹೊಂಡಗಳ ಪಕ್ಕದಲ್ಲಿ ಸಾಲಾಗಿ ಸ್ಥಳೀಯ ಮರಗಳನ್ನ ನೆಟ್ಟಿದಾರೆ, ಎಲೆ ಬಣ್ಣ ತಿರುಗೋ ಕಾಲದಲ್ಲಿ ಆಮ್ಲದ ಹೊಂಡದ ಹತ್ರ ಕೆಂಪು ಕಿತ್ತಳೆ, ನೀರು ಸುಧಾರಿಸ್ತಾ ಹೋದ ಹಾಗೆ ಹಳದಿ, ಕೊನೆಗೆ ಹಸಿರು ಕಡೆಗೆ. ಲಿಟ್ಮಸ್ ತೋಟ ಅಂತಾನೇ ಹೆಸರು, ಆಮ್ಲ ತಾಗಿದ್ರೆ ಬಣ್ಣ ಬದಲಾಯಿಸೋ ಲಿಟ್ಮಸ್ ಕಾಗದದ ಹಾಗೆ. ಮಕ್ಕಳಿಗೆ ರಸಸಾರ ಅಂದ್ರೆ ಏನು ಅಂತ ಬಾಯಲ್ಲಿ ಹೇಳೋದೇ ಬೇಡ, ಆ ಸಾಲಲ್ಲಿ ನಡೆದ್ರೆ ಸಾಕು. ಅಲ್ಲಿ ಯಾವ ಮರ ಎಲ್ಲಿ ಅನ್ನೋದನ್ನ ನಿರ್ಧಾರ ಮಾಡಿದ್ದೇ ನೀರಿನ ಅಳತೆ, ನೋಡಿ. ನಿಮ್ಮ ಶೇಕಡಾ ಗೋಡೆಲಿ ಆಗಿದ್ದಕ್ಕೆ ಇದು ಪೂರ್ತಿ ಉಲ್ಟಾ.


ಬಯಲುಸೀಮೆ ರೈತ

ಸೊಪ್ಪಿನ ಮಾತು ನನಗೂ ನಾಟ್ತು. ನಮ್ಮಮ್ಮನೂ ಕೀಳ್ತಾರೆ. ಮೋರಿ ಬಗ್ಗೆ ಅರ್ಜಿ ಕೊಡೋವಾಗ ಸೊಪ್ಪಿನ ರಿಪೋರ್ಟ್ ಲಗತ್ತು ಮಾಡಿದ್ರೆ ಯಾರೂ ಪಕ್ಕಕ್ಕಿಡೋಕೆ ಆಗಲ್ಲ. ನಾನು ಹೇಳಿದ್ದು ವಾಪಸ್ ತಗೋತಿಲ್ಲ, ಮೋರಿ ನಿಲ್ಲಲೇಬೇಕು, ಆದ್ರೆ ಎರಡೂ ಒಟ್ಟಿಗೆ ಆಗಲಿ.


ಕೆಮ್ಮಣ್ಣು

ಎರಡು ವಾರ ಆಯ್ತು, ಏನಾಯ್ತು ಅಂತ ಹೇಳೋಕೆ ಬಂದೆ. ಭಾನುವಾರ ಕಲಾವಿದೆ ಮನೆಗೆ ಹೋಗಿದ್ದೆ, ಇಲ್ಲಿ ಬಂದ ಉತ್ತರ ಎಲ್ಲಾ ಓದಿ ಹೇಳಿದೆ. 13 ಕೊಯ್ಲು ಲೆಕ್ಕ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಾದ್ರು. ಚಿಂತಾಮಣಿ ಅಕ್ಕನ ಉತ್ತರ ಓದೋವಾಗ ಅವರಮ್ಮ ಅಡುಗೆಮನೆಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತ್ಕೊಂಡ್ರು, ನಾನು ಮುಂಚೆನೇ ಅಂದಿದ್ನಲ್ಲ ಅಂತ ಮಗಳ ಮುಖ ನೋಡಿದ್ರು. ಅಲ್ಲಿಂದ ಮಾತು ಬೇರೆ ದಾರಿ ಹಿಡೀತು.

ಸದ್ಯಕ್ಕೆ ಹೀಗೆ ಅಂತ ಆಗಿದೆ. ಮೊದಲ ವರ್ಷ ಏನೂ ನೆಡಲ್ಲ. ಸೊಪ್ಪು ಕೀಳೋ ಆರು ಜನ ಹೆಂಗಸರ ಜೊತೆ ನಾವಿಬ್ಬರೂ ಕೆರೆ ಸುತ್ತ ನಡೀತೀವಿ, ಅವರು ಎಲ್ಲೆಲ್ಲಿ ಏನೇನು ಕೀಳ್ತಾರೋ ಅಲ್ಲಿ ನಾನು ಸೊಪ್ಪು ಒಂದು ಸ್ಯಾಂಪಲ್, ಅದರ ಬುಡದ ಮಣ್ಣು ಒಂದು ಸ್ಯಾಂಪಲ್ ತಗೋತೀನಿ. ಮೋರಿ ಮೂಲೆ, ಎದುರು ದಡ, ದೂರದ ಬದು, ಮೂರೂ ಕಡೆ. ದೂರದ ಬದು ನಮ್ಮ ಖಾಲಿ ಮೂಲೆ ಇದ್ದ ಹಾಗೆ. ಅವರು ಪ್ರತಿ ಗಿಡವನ್ನ ಬೇರು ಸಮೇತ ಬರೀತಾರೆ, ಹೆಂಗಸರು ಹೇಳೋ ಹೆಸರಲ್ಲೇ, ಅದು ಕೊನೆಗೆ ಸ್ಕೂಲಿನ ಕಾಂಪೌಂಡ್ ಗೋಡೆ ಮೇಲೆ ಬರತ್ತೆ, ಕೆರೆ ನಕ್ಷೆ ಆಕಾರದಲ್ಲಿ. ಓದೋಕೆ ಬರದವರಿಗೂ ಎಲ್ಲಿ ಕೀಳಬಹುದು ಎಲ್ಲಿ ಬೇಡ ಅಂತ ಚಿತ್ರ ನೋಡಿದ್ರೆ ಗೊತ್ತಾಗಬೇಕು ಅಂತ ಅವರ ಹಟ. ಅಂಕಿ ಹಾಕೋದಾದ್ರೆ ಕೆಜಿಗೆ ಮಿಲಿಗ್ರಾಂ ಅಂತಾನೇ, ನನಗೆ ತೋರಿಸದೆ ಒಂದು ಸೊನ್ನೆನೂ ಬರೆಯಲ್ಲ ಅಂತ ಮಾತು ಕೊಟ್ಟಿದಾರೆ. ಎಲ್ಲಾ ಕಡೆ ಏನೂ ಇಲ್ಲ ಅಂತ ಬಂದ್ರೆ ಅದನ್ನೂ ಬರೀತೀನಿ, ಈ ಕೆರೆ ಸೊಪ್ಪು ತಿನ್ನಿ ಅಂತ ದೊಡ್ಡದಾಗಿ ಬರೀತೀನಿ ಅಂದ್ರು. ಮೇಡಂ ಹೇಳಿಕೊಟ್ಟ ಪ್ರಶ್ನೆ ನಾನು ಕೇಳೋ ಮುಂಚೆನೇ ಉತ್ತರ ಬಂತು. ಅರ್ಜಿ ಬರೆಯೋ ಕೆಲಸಕ್ಕೆ ಬಯಲುಸೀಮೆಯವರು ಸಹಾಯ ಮಾಡ್ತೀನಿ ಅಂತ ಮೆಸೇಜ್ ಮಾಡಿದಾರೆ.

ಒಂದು ಸಂದೇಹ ಉಳಿದಿದೆ. ಪುಸ್ತಕದ ಪ್ರಕಾರ ಎಲೆ ಸ್ಯಾಂಪಲ್ಲನ್ನ ಒಂದು ಕ್ರಮದಲ್ಲಿ ತೊಳೆದು, ಶುದ್ಧ ನೀರಲ್ಲಿ ಜಾಲಿಸಿ ಒಣಗಿಸ್ತೀವಿ. ಆದ್ರೆ ಮನೇಲಿ ತಿನ್ನೋದು ಹಾಗೆ ತೊಳೆದ ಸೊಪ್ಪಲ್ಲವಲ್ಲ, ಎಲೆ ಮೇಲಿನ ಮಣ್ಣು ಧೂಳಿನ ಲೋಹವೂ ಹೊಟ್ಟೆಗೆ ಹೋಗಬಹುದು. ಯಾವ ಥರ ತೊಳೆದು ಟೆಸ್ಟಿಗೆ ಕಳಿಸಲಿ?


ಚಿಂತಾಮಣಿ ಅಕ್ಕ

ದೊಡ್ಡ ಪಾತ್ರೆಲಿ ಮೂರು ನೀರು. ಮೊದಲ ನೀರಿಗೆ ಚಿಟಿಕೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಬಿಡ್ತೀವಿ, ಹುಳ ಇದ್ರೆ ಬಿಡಲಿ ಅಂತ. ಬೇರು ಕಡೆ ದಂಟು ಮುರಿದು ಬಿಸಾಡ್ತೀವಿ. ಹೊನಗೊನೆ ಆದ್ರೆ ಗೆಣ್ಣಲ್ಲಿ ಮಣ್ಣು ಕೂತಿರತ್ತೆ, ಅದಕ್ಕೆ ನಾಲ್ಕು ನೀರು. ನಮ್ಮನೆಲಿ ಹೀಗೆ, ಆ ಆರು ಜನರನ್ನೂ ಕೇಳಿ, ಒಬ್ಬೊಬ್ಬರು ಒಂದೊಂದು ಥರ ತೊಳೀತಾರೆ.


ತುಂಗಾತೀರ

ಎರಡು ಭಾಗ ಮಾಡಿ. ಒಂದು ಪುಸ್ತಕದ ಕ್ರಮ, ಇನ್ನೊಂದು ಅಕ್ಕನ ಮೂರು ನೀರು. ಅವರು ತೊಳೆಯೋ ನೀರು ಕೆರೇದಾ ಬೋರ್‌ವೆಲ್‌ದಾ ಅಂತ ಕೇಳಿ ಆ ನೀರಿಂದೂ ಒಂದು ಬಾಟಲ್ ತಗೊಳ್ಳಿ.